ಒಂದೇ ಮಳೆ, ಬೇರೆ ಬೇರೆ ನೆಲ

ಉತ್ತರೆ ಮಳೆಯ ಮೋಡ ಮಧ್ಯಾಹ್ನ ಕಳೆದ ಮೇಲೆ ಸ್ಕಂದಗಿರಿಯ ನೆತ್ತಿಯನ್ನು ಮುಚ್ಚುತ್ತದೆ. ಗಾಳಿ ಒಮ್ಮೆ ಬೀಸಿ ನಿಂತದ್ದೇ ತಡ, ದಪ್ಪ ಹನಿ. ಬೋಳುಬಂಡೆಯ ಮೇಲೆ ಬಿದ್ದ ನೀರು ಬೆಳ್ಳಿಗೆರೆಯಾಗಿ ಜಾರುತ್ತದೆ. ಬಂಡೆಯ ಬುಡದ ಕುರುಚಲು ಕಾಡಿನಲ್ಲಿ ಅದರ ಓಟಕ್ಕೆ ತಡೆ. ಹನಿಯ ಪೆಟ್ಟನ್ನು ತರಗೆಲೆ ತಿನ್ನುತ್ತದೆ, ಬೇರಿನ ಸಂದಿಯಲ್ಲಿ ನೀರು ಒಳಗಿಳಿಯುತ್ತದೆ.

ಕೆಳಗೆ ಚಿಕ್ಕಬಳ್ಳಾಪುರದ ದ್ರಾಕ್ಷಿ ಚಪ್ಪರಗಳು, ನಡುನಡುವೆ ಬಿಳಿ ಪಾಲಿಹೌಸ್‌ಗಳು. ಪ್ಲಾಸ್ಟಿಕ್ ಸೂರಿನ ನೀರು ಪಕ್ಕದ ಕೃಷಿಹೊಂಡಕ್ಕೆ ಬಿದ್ದರೆ ಉಳಿಯಿತು. ಹೊಂಡವಿಲ್ಲದ ಕಡೆ ಡಾಂಬರು ರಸ್ತೆ ಹಿಡಿದು ಮೋರಿ ಸೇರಿತು.

ಗೌರಿಬಿದನೂರಿನಲ್ಲಿ ಉತ್ತರ ಪಿನಾಕಿನಿಯ ಪಾತ್ರವನ್ನು ಇಣುಕಿ ನೋಡಬೇಕು. ಮರಳು ಉಳಿದಲ್ಲಿ ಹೊಳೆನೀರು ಇಂಗಿ ದಡದ ಬಾವಿಗಳಿಗೆ ಹಾಯುತ್ತದೆ. ಮರಳು ಬಾಚಿ ಒಯ್ದ ಗುಂಡಿಗಳಲ್ಲಿ ಕೆಂಪು ರಾಡಿ ನಿಂತಿದೆ, ದಡದ ತುಂಬ ಜಾಲಿ.

ಚಿಂತಾಮಣಿಯತ್ತ ಹೊರಳಿದರೆ ದಿಣ್ಣೆಯ ಮೇಲೆ ನೀಲಗಿರಿ ತೋಪು. ಟಿಪ್ಪುವಿನ ಕಾಲದಲ್ಲಿ, 1790ರ ಸುಮಾರಿಗೆ, ನಂದಿಬೆಟ್ಟದ ತೋಟಕ್ಕೆ ಬಂದ ಮರ ಆಮೇಲೆ ಬಯಲಿಗಿಳಿಯಿತು. ಮಳೆ ನಿಂತ ಮರುದಿನವೇ ತೋಪಿನ ನೆಲ ಒಣಗಿ ಗರಗರ ಎನ್ನುತ್ತದೆ. ಪಕ್ಕದ ಹೊಸಕೋಟೆಯ ತೋಪುಗಳಲ್ಲಿ ಅಳೆದ ವಿಜ್ಞಾನಿಗಳು, ಅಲ್ಲಿ ಬಿದ್ದ ಮಳೆಗಿಂತ ಹೆಚ್ಚು ನೀರನ್ನು ಮರಗಳು ಹೀರುತ್ತವೆ ಎಂದು 1997ರಲ್ಲಿ ಬರೆದರು. ಹಿಂದಿನ ವರ್ಷಗಳಲ್ಲಿ ಆಳಕ್ಕಿಳಿದ ತೇವಕ್ಕೂ ಬೇರು ಕೈಹಾಕುತ್ತದೆ ಎಂದು ಅದರ ಅರ್ಥ. ಹೊಸದಾಗಿ ನೀಲಗಿರಿ ನೆಡಬಾರದೆಂದು ಸರ್ಕಾರ 2017ರಲ್ಲಿ ಆದೇಶಿಸಿತು. ಹಳೆಯ ಬುಡಗಳು ಮಾತ್ರ ಕಡಿದಷ್ಟೂ ಚಿಗುರುತ್ತಿವೆ.

ಶಿಡ್ಲಘಟ್ಟದಲ್ಲಿ ಹಿಪ್ಪುನೇರಳೆಯ ಹಸಿರು. ಆ ಹಸಿರು ಬೋರಿನ ನೀರಿನದು. ಅದರ ಅಂಚಿನ ರಾಗಿ ಹೊಲದಲ್ಲಿ ಬದು ಗಟ್ಟಿಯಾಗಿದ್ದರೆ ಸಾಲುಸಾಲಾಗಿ ನೀರು ನಿಂತು ಇಂಗುತ್ತದೆ. ಉಳದೆ ಬಿಟ್ಟ ಬೀಳು ಹೊಲದಲ್ಲಿ ಹನಿಗಳ ಹೊಡೆತಕ್ಕೆ ಕೆಮ್ಮಣ್ಣು ಹೆಪ್ಪುಗಟ್ಟಿ, ನೀರು ಮಣ್ಣನ್ನೂ ಕೊಚ್ಚಿಕೊಂಡು ಹಳ್ಳಕ್ಕೆ ಓಡುತ್ತದೆ.

ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಅಡಿಯಲ್ಲಿರುವುದು ಗಟ್ಟಿಬಂಡೆ, ಅದರ ಬಿರುಕು ಮತ್ತು ಮೇಲಿನ ಶಿಥಿಲ ಪದರವಷ್ಟೇ ನೀರಿನ ಕಣಜ. ಬಿದ್ದ ಮಳೆಯಲ್ಲಿ ಹತ್ತರಲ್ಲೊಂದು ಪಾಲು ಅಲ್ಲಿಗೆ ಇಳಿದರೆ ಅದೇ ಹೆಚ್ಚು. ಆ ಒಂದು ಪಾಲೂ ನೆಲದ ಮೇಲಿನ ಹೊದಿಕೆಯ ಮರ್ಜಿಯಲ್ಲಿದೆ. ಕೆರೆ ತುಂಬಿದ ಊರಿನ ತೆರೆದ ಬಾವಿ ಕೆಲವೇ ದಿನಗಳಲ್ಲಿ ಮೆಟ್ಟಿಲು ಮುಳುಗಿಸುತ್ತದೆ. ಸಾವಿರ ಅಡಿಯ ಬೋರು ಅದೇ ಮಳೆಗೆ ಮಿಸುಕುವುದೂ ಇಲ್ಲ. ಬೆಂಗಳೂರಿನ ಸಂಸ್ಕರಿಸಿದ ನೀರು ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿ ಯೋಜನೆಯಲ್ಲಿ ಚಿಕ್ಕಬಳ್ಳಾಪುರದ ಕಂದವಾರ ಕೆರೆಗೆ ಬಂದಿದೆ, ನಿಜ. ಅದು ಕೆರೆಯಂಗಳಕ್ಕೆ ಆಸರೆಯಾದೀತು, ದಿಣ್ಣೆಯ ಹೊಲಕ್ಕಲ್ಲ.

ಆದ್ದರಿಂದ ಮುಂದಿನ ಉತ್ತರೆಗೆ ಮೊದಲು ಬದು ಕಟ್ಟಿ, ಕೆರೆಗೆ ನೀರು ತರುವ ರಾಜಕಾಲುವೆ ಬಿಡಿಸಿ, ನೀಲಗಿರಿಯ ಬುಡ ಕಿತ್ತು ಹೊಂಗೆ, ಹುಣಸೆ ನೆಡಿ. ಬೋರ್‌ವೆಲ್ ಲಾರಿಗೆ ಆಮೇಲೆ ಹೇಳಿಕಳಿಸಿದರಾಯಿತು.