ಬಾಗಿಲ ಬಳಿಯ ತೊಟ್ಟಿ

ಇಂಗ್ಲೆಂಡಿನ ಹಳೆಯ ಚರ್ಚುಗಳಲ್ಲಿ ಜ್ಞಾನಸ್ನಾನದ ತೊಟ್ಟಿ ಸಾಮಾನ್ಯವಾಗಿ ಬಾಗಿಲ ಬಳಿಯೇ ಇರುತ್ತದೆ. ಕೂಸನ್ನು ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವುದು ಅಲ್ಲಿಂದಲೇ ಶುರು. ಕೂಸನ್ನು ಮುಳುಗಿಸುವಷ್ಟು ಅಗಲದ ಕಲ್ಲಿನ ಬಟ್ಟಲು, ಒಳಗೆ ಸೀಸದ ತಗಡು, ತಳದಲ್ಲಿ ನೀರು ನೇರ ಮಣ್ಣಿಗಿಳಿಯುವ ತೂತು. ಮಂತ್ರಿಸಿದ ನೀರನ್ನು ಕಂಡಕಂಡಲ್ಲಿ ಚೆಲ್ಲುವಂತಿರಲಿಲ್ಲ. ಮಾಟಕ್ಕೆಂದು ಅದನ್ನು ಕದಿಯುವವರೂ ಇದ್ದರು! 1236ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಎಡ್ಮಂಡ್ ರಿಚ್ ತೊಟ್ಟಿಗಳಿಗೆ ಮುಚ್ಚಳ ಹಾಕಿ ಬೀಗ ಜಡಿಯಲು ಅಪ್ಪಣೆ ಮಾಡಿದರು. ಬೀಗದ ಕೊಂಡಿ ಕಿತ್ತ ಗಾಯ ಎಷ್ಟೋ ತೊಟ್ಟಿಗಳ ಅಂಚಿನಲ್ಲಿ ಇವತ್ತಿಗೂ ಕಾಣುತ್ತದೆ.

ಕಳೆದುಹೋದ ತೊಟ್ಟಿಯನ್ನು ಹುಡುಕುವವರಿಗೆ ಈ ಗಾಯ, ಆ ತೂತು ದೊಡ್ಡ ಆಧಾರ. ಚರ್ಚಿನಿಂದ ಹೊರಬಿದ್ದ ತೊಟ್ಟಿ ದನಗಳ ಕಲ್ಬಾನಿಯಾಗುತ್ತದೆ, ಇಲ್ಲವೇ ಯಾರದೋ ಕೈತೋಟದಲ್ಲಿ ಹೂವಿನ ಕುಂಡವಾಗುತ್ತದೆ. ಎಷ್ಟೋ ಸಲ ಅದು ಕಣ್ಣೆದುರೇ ಇರುತ್ತದೆ, ಏನೆಂದು ಯಾರಿಗೂ ಗೊತ್ತಿರುವುದಿಲ್ಲ, ಅಷ್ಟೆ.

ತೊಟ್ಟಿಗಳು ಹೀಗೆ ಹೊರಬಿದ್ದದ್ದಕ್ಕೆ ಒಂದು ಕಾರಣ ದ್ವೇಷ. 1644ರಲ್ಲಿ, ಹಳೆಯ ವಿಧಿಗಳನ್ನು ಒಪ್ಪದ ಪ್ಯೂರಿಟನ್ನರ ಕೈಯಲ್ಲಿದ್ದ ಪಾರ್ಲಿಮೆಂಟು ತೊಟ್ಟಿಗಳನ್ನು ಕಿತ್ತು ಹಾಳುಗೆಡವಲು ಕಾನೂನನ್ನೇ ಮಾಡಿತು. ಅವುಗಳ ಜಾಗಕ್ಕೆ ಸಾದಾ ಬೋಗುಣಿಗಳು ಬಂದವು. 1660ರಲ್ಲಿ ರಾಜಪ್ರಭುತ್ವ ಮರಳಿ ಬಂದ ಮೇಲೆ ಅಲ್ಲಲ್ಲಿ ಹೊಸ ತೊಟ್ಟಿ ಕಡೆಸಿದರು.

ಲಂಡನ್ ನಗರದ ನಡುವೆ ನಡೆದದ್ದು ಬೇರೆ ಬಗೆ. ಅಲ್ಲಿ ದ್ವೇಷವಿರಲಿಲ್ಲ, ಜಮೀನಿನ ಬೆಲೆ ಇತ್ತು. ಜನ ಹೊರವಲಯಕ್ಕೆ ಹೋದರು, ಬ್ಯಾಂಕು ಕಚೇರಿಗಳು ಬಂದವು. ಪ್ಯಾರಿಷ್‌ಗಳನ್ನು ಒಂದುಗೂಡಿಸುವ 1860ರ ಕಾಯ್ದೆಯ ಬಲದಿಂದ ಹಲವು ಚರ್ಚುಗಳನ್ನು ಕೆಡವಿದರು. ಕವಿ ಮಿಲ್ಟನ್‌ಗೆ 1608ರ ಡಿಸೆಂಬರ್ 20ರಂದು ಜ್ಞಾನಸ್ನಾನವಾದದ್ದು ಬ್ರೆಡ್ ಸ್ಟ್ರೀಟಿನ ಆಲ್ ಹ್ಯಾಲೋಸ್ ಚರ್ಚಿನಲ್ಲಿ. ಅದು 1666ರಲ್ಲಿ ಲಂಡನ್ನನ್ನು ಸುಟ್ಟ ಮಹಾಬೆಂಕಿಗೆ ಆಹುತಿಯಾಯಿತು. ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ ಮತ್ತೆ ಕಟ್ಟಿದ್ದನ್ನು 1870ರ ದಶಕದಲ್ಲಿ ಉರುಳಿಸಿದರು. ಆ ಜ್ಞಾನಸ್ನಾನದ ಗುರುತಾಗಿ ಉಳಿದದ್ದು ದಾಖಲೆ ಪುಸ್ತಕದ ಒಂದು ಸಾಲು. ಅದೇ ನಗರದ ಇನ್ನೊಂದು ಚರ್ಚು ಸೇಂಟ್ ಡಯೋನಿಸ್ ಬ್ಯಾಕ್‌ಚರ್ಚಿನ ನಸೀಬು ಇದಕ್ಕಿಂತ ವಾಸಿ. 1878ರಲ್ಲಿ ಅದನ್ನು ಕೆಡವಿದಾಗ ತೊಟ್ಟಿ, ಪ್ರವಚನ ಪೀಠ ಎರಡೂ ಹೊರವಲಯದ ಪಾರ್ಸನ್ಸ್ ಗ್ರೀನಿನ ಹೊಸ ಚರ್ಚಿಗೆ ಹೋದವು.

ನನಗೆ ಎಲ್ಲಕ್ಕಿಂತ ಸೋಜಿಗ ಗ್ಲಾಸ್ಟರ್‌ಶೈರ್ ಕೌಂಟಿಯ ಸೀಸದ ತೊಟ್ಟಿಗಳು. 12ನೇ ಶತಮಾನದಲ್ಲಿ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಫಲಕಗಳನ್ನು ಬಾಗಿಸಿ, ಬೆಸೆದು ಮಾಡಿದ ಆರು ಉಳಿದಿವೆ. ಸೀಸ ಕರಗಿಸಿದರೆ ಕಾಸಾಗುವ ಲೋಹ, ಆರು ಉಳಿದದ್ದೇ ಹೆಚ್ಚು. ಅವುಗಳಲ್ಲೊಂದು ಲ್ಯಾಂಕೌಟ್ ಎಂಬ ಊರಿನ ಚರ್ಚಿನದು. ವೈ ನದಿಯ ದಂಡೆಯ ಆ ಚರ್ಚಿಗೆ ಈಗ ಸೂರಿಲ್ಲ, ತೊಟ್ಟಿ ಗ್ಲಾಸ್ಟರ್ ಕೆಥೆಡ್ರಲ್‌ನಲ್ಲಿದೆ. ಅದೇ ಅಚ್ಚಿನ ಇನ್ನೊಂದು ಪಕ್ಕದೂರು ಟಿಡನ್‌ಹ್ಯಾಮಿನ ಚರ್ಚಿನಲ್ಲಿ ಇದೆ.