ನೋವು ನೀಗುವ ಮದ್ದು

ಹಬ್ಬದ ದಿನ ಗಸಗಸೆ ಪಾಯಸ ಉಂಡವರಿಗೆ ಕಣ್ಣು ಎಳೆಯುವುದೆಂದು ಹಿರಿಯರು ನಗುತ್ತ ಹೇಳುವುದುಂಟು. ಆ ನಿದ್ದೆಗೆ ತುಂಬಿದ ಹೊಟ್ಟೆಯೇ ಹೆಚ್ಚಿನ ಕಾರಣ. ಗಸಗಸೆಯ ಬೀಜದಲ್ಲಿ ಮಾದಕ ಅಂಶವು ಇಲ್ಲವೆನ್ನುವಷ್ಟು ಕಡಿಮೆ. ಅದು ಇರುವುದು ಆ ಗಿಡದ ಹಸಿಯ ಕಾಯಿಯಲ್ಲಿ. ಕಾಯಿಯ ಸಿಪ್ಪೆಯನ್ನು ಗೀರಿದಾಗ ಒಸರುವ ಹಾಲು ಒಣಗಿ ಗಟ್ಟಿಯಾದರೆ ಅದೇ ಅಫೀಮು. ಮಧ್ಯಪ್ರದೇಶ, ರಾಜಸ್ಥಾನ ಮತ್ತು ಉತ್ತರ ಪ್ರದೇಶಗಳಲ್ಲಿ ಸರ್ಕಾರದ ಪರವಾನಗಿ ಪಡೆದ ರೈತರು ಈ ಬೆಳೆಯನ್ನು ಬೆಳೆಯುತ್ತಾರೆ.

ಅಫೀಮು ನೋವನ್ನು ಮರೆಸುವುದೆಂಬ ಸಂಗತಿಯನ್ನು ಮಾನವನು ಪುರಾತನ ಕಾಲದಿಂದಲೂ ಬಲ್ಲನು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಔಷಧ ತಯಾರಕನಾದ ಸರ್ಟ್ಯೂರ್ನರ್ ಎಂಬಾತನು ಅದರ ಸಾರವನ್ನು ಬೇರ್ಪಡಿಸಿ, ಸ್ವಪ್ನದೇವತೆಯಾದ ಮಾರ್ಫಿಯಸನ ಹೆಸರನ್ನು ಅದಕ್ಕಿಟ್ಟನು. ಅದೇ ಮಾರ್ಫಿನ್. ಗಾಯಗೊಂಡ ಯೋಧರಿಗೂ ಶಸ್ತ್ರಚಿಕಿತ್ಸೆಗೊಳಗಾದವರಿಗೂ ಅದು ವರವಾಗಿ ಪರಿಣಮಿಸಿತು. ಆದರೆ ಬಹುಕಾಲ ಸೇವಿಸಿದವರಲ್ಲಿ ಅನೇಕರು ಅದನ್ನು ಬಿಡಲಾರದೆ ಹೋದರು.

ಹಾಗಾದರೆ ಚಟ ಹಿಡಿಸದ ಮಾರ್ಫಿನ್ ಇರಬಾರದೇಕೆ? ಈ ಆಸೆಯೇ ಮುಂದಿನ ಅನರ್ಥಗಳಿಗೆ ದಾರಿಯಾಯಿತು. 1898ರಲ್ಲಿ ಜರ್ಮನಿಯ ಬೇಯರ್ ಸಂಸ್ಥೆಯು ಮಾರ್ಫಿನ್‌ನಿಂದ ತಯಾರಿಸಿದ ಹೊಸ ಔಷಧವೊಂದನ್ನು ಕೆಮ್ಮಿನ ಮದ್ದೆಂದು ಮಾರಾಟಕ್ಕೆ ತಂದಿತು. ಇದಕ್ಕೆ ಮಾರ್ಫಿನ್‌ನ ದೋಷವಿಲ್ಲವೆಂಬ ಭರವಸೆಯೂ ಅದರೊಡನೆ ಬಂದಿತು. ಆ ಔಷಧದ ಹೆಸರು ಹೆರಾಯಿನ್! ಸುಮಾರು ನೂರು ವರ್ಷಗಳ ತರುವಾಯ, 1996ರಲ್ಲಿ, ಅಮೆರಿಕದ ಪರ್ಡ್ಯೂ ಫಾರ್ಮಾ ಎಂಬ ಸಂಸ್ಥೆಯು ಇದೇ ಕುಲದ ಆಕ್ಸಿಕಾಂಟಿನ್ ಎಂಬ ಗುಳಿಗೆಯನ್ನು ಹೊರತಂದಿತು. ಮದ್ದು ನಿಧಾನವಾಗಿ ದೇಹಕ್ಕೆ ಸೇರುವುದರಿಂದ ಚಟದ ಭಯ ಕಡಿಮೆಯೆಂದು ವೈದ್ಯರಿಗೆ ತಿಳಿಸಲಾಯಿತು. ಬೆನ್ನುನೋವು, ಕೀಲುನೋವುಗಳಿಗೂ ವೈದ್ಯರು ಅದನ್ನು ಧಾರಾಳವಾಗಿ ಬರೆದುಕೊಟ್ಟರು. ತಪ್ಪು ತಿಳಿವಳಿಕೆ ಹರಡಿದುದನ್ನು ಆ ಸಂಸ್ಥೆಯ ಅಂಗಸಂಸ್ಥೆಯೊಂದು 2007ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡಿತಾದರೂ ಆ ವೇಳೆಗೆ ಕಾಲ ಮಿಂಚಿತ್ತು. ಗುಳಿಗೆಯಿಂದ ಆರಂಭಿಸಿದ ಹಲವರು ಅದು ಸಿಗದಾದಾಗ ಹೆರಾಯಿನ್‌ಗೆ ಹೊರಳಿದರು. ಅನಂತರ ಕಳ್ಳಪೇಟೆಯ ಫೆಂಟನಿಲ್ ಬಂದಿತು. 1999ರಿಂದ 2021ರವರೆಗೆ ಆ ಒಂದು ದೇಶದಲ್ಲಿಯೇ ಈ ಎಲ್ಲ ಬಗೆಯ ಮದ್ದುಗಳ ಮಿತಿಮೀರಿದ ಸೇವನೆಯಿಂದ ಸತ್ತವರು ಆರು ಲಕ್ಷಕ್ಕೂ ಹೆಚ್ಚು. ಇವರಲ್ಲಿ ಎಷ್ಟೋ ಮಂದಿ ನಿಜವಾದ ನೋವಿನಿಂದ ವೈದ್ಯರ ಬಳಿಗೆ ಹೋದವರೇ ಹೊರತು ಮತ್ತನ್ನು ಅರಸಿ ಹೊರಟವರಲ್ಲ.

ಈ ಮದ್ದು ದೇಹದಲ್ಲಿ ಮಾಡುವ ಕೆಲಸವೇನು? ನಮ್ಮ ಮೆದುಳಿನಲ್ಲಿಯೂ ಬೆನ್ನುಹುರಿಯಲ್ಲಿಯೂ ಕೆಲವು ಗ್ರಾಹಕಗಳಿವೆಯೆಂದು ವಿಜ್ಞಾನಿಗಳು 1973ರಲ್ಲಿ ತೋರಿಸಿಕೊಟ್ಟರು. ದೇಹವೇ ತಯಾರಿಸುವ ನೋವುನಿವಾರಕ ವಸ್ತುಗಳು ಬೀಗಕ್ಕೆ ಕೀಲಿಕೈ ಹೊಂದುವಂತೆ ಅವುಗಳಿಗೆ ಹೊಂದಿಕೊಳ್ಳುತ್ತವೆ. ಅಫೀಮಿನ ಕುಲದ ಮದ್ದುಗಳು ಕಳ್ಳ ಕೀಲಿಕೈಗಳಿದ್ದಂತೆ. ಅದೇ ಬೀಗವನ್ನು ಇನ್ನೂ ಬಲವಾಗಿ ತಿರುಗಿಸುತ್ತವೆ. ದಿನ ಕಳೆದಂತೆ ದೇಹವು ಮದ್ದಿಗೆ ಒಗ್ಗಿಕೊಳ್ಳುತ್ತದೆ. ನಿನ್ನೆ ಸಾಕಾದ ಪ್ರಮಾಣ ಇಂದು ಸಾಲದು. ಥಟ್ಟನೆ ನಿಲ್ಲಿಸಿದರೆ ಮೈಕೈ ನೋವು, ಭೇದಿ, ನಿದ್ರಾಹೀನತೆ, ತಡೆಯಲಾರದ ಚಡಪಡಿಕೆ ಕಾಣಿಸಿಕೊಳ್ಳುವುದು. ಇಷ್ಟೇ ಆಗಿದ್ದರೆ ಸಾವಿನ ಮಾತು ಬರುತ್ತಿರಲಿಲ್ಲ. ಆದರೆ ಉಸಿರಾಟವನ್ನು ನಡೆಸುವ ಮೆದುಳಿನ ಭಾಗದಲ್ಲಿಯೂ ಇವೇ ಗ್ರಾಹಕಗಳಿವೆ. ಪ್ರಮಾಣ ಮಿತಿಮೀರಿದಾಗ ಉಸಿರು ನಿಧಾನವಾಗುತ್ತ ನಿದ್ದೆಯಲ್ಲಿಯೇ ನಿಂತುಹೋಗುವುದು. ಮದ್ಯ ಅಥವಾ ನಿದ್ರೆಯ ಗುಳಿಗೆ ಜೊತೆಗೂಡಿದರೆ ಈ ಅಪಾಯ ಮತ್ತಷ್ಟು ಹೆಚ್ಚು. ಕೆಲಕಾಲ ಬಿಟ್ಟಿದ್ದವನು ಹಳೆಯ ಪ್ರಮಾಣವನ್ನೇ ಮತ್ತೆ ತೆಗೆದುಕೊಂಡರೆ, ಒಗ್ಗುವಿಕೆ ಕಳೆದುಹೋಗಿರುವ ದೇಹ ಅದನ್ನು ತಾಳಲಾರದು. ಕೂಡಲೇ ಆಸ್ಪತ್ರೆಗೆ ಸೇರಿಸಿ ನಾಲೊಕ್ಸೋನ್ ಎಂಬ ಮದ್ದನ್ನು ಕೊಟ್ಟರೆ ನಿಂತ ಉಸಿರು ಮರಳುವುದುಂಟು.

ನೋವಿನ ಗುಳಿಗೆಗಳೆಲ್ಲ ಈ ಕುಲದವಲ್ಲ. ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಬೇರೆಯೇ ಜಾತಿಯದು. ಅದಕ್ಕೂ ಮಿತಿಯುಂಟು ಎಂಬುದು ಬೇರೆ ಮಾತು. ನಮ್ಮಲ್ಲಿ ಹೆಚ್ಚಾಗಿ ಕಾಣಸಿಗುವ ಟ್ರಮಡಾಲ್ ಗುಳಿಗೆ ಮತ್ತು ಕೋಡೀನ್ ಬೆರೆತ ಕೆಮ್ಮಿನ ಔಷಧಗಳು ಮಾತ್ರ ಅಫೀಮಿನ ಬಳಗಕ್ಕೆ ಸೇರಿದವು. ಇವನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಅಂಗಡಿಯವರು ವೈದ್ಯರ ಮತ್ತು ರೋಗಿಯ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು. 2018ರಲ್ಲಿ ಟ್ರಮಡಾಲ್ ಮಾದಕ ವಸ್ತುಗಳ ಕಾನೂನಿನ ಹಿಡಿತಕ್ಕೂ ಬಂದಿತು.

ಆದರೆ ಮನೆಯ ಕಪಾಟಿನಲ್ಲಿ ಉಳಿದ ಗುಳಿಗೆಗೆ ಯಾವ ಕಾನೂನಿನ ಕಾವಲಿದೆ? ತಂದೆಯ ಶಸ್ತ್ರಚಿಕಿತ್ಸೆಗೆಂದು ತಂದುದರಲ್ಲಿ ನಾಲ್ಕು ಉಳಿದಿರುತ್ತವೆ. ಆಟದಲ್ಲಿ ಕಾಲು ಉಳುಕಿದ ಗೆಳೆಯನಿಗೆ ಮಗನು ಸದುದ್ದೇಶದಿಂದಲೇ ಒಂದನ್ನು ಕೊಡುತ್ತಾನೆ. ವೈದ್ಯರು ಆ ಪ್ರಮಾಣವನ್ನು ಗೊತ್ತುಮಾಡಿದ್ದು ತಂದೆಯ ವಯಸ್ಸು, ತೂಕ, ನೋವುಗಳನ್ನು ನೋಡಿ; ಗೆಳೆಯನನ್ನು ಅವರು ಕಂಡೇ ಇಲ್ಲ. ಇಂಥ ಮದ್ದನ್ನು ಬೀಗ ಹಾಕಿದ ಕಡೆ ಇಡುವುದು, ಎಣಿಕೆ ನೋಡುತ್ತಿರುವುದು, ಉಳಿದುದನ್ನು ವಿಲೇವಾರಿ ಮಾಡುವ ಬಗೆಯನ್ನು ವೈದ್ಯರಲ್ಲಿ ಕೇಳುವುದು ಕಷ್ಟದ ಕೆಲಸವೇನೂ ಅಲ್ಲ. ಈಗಾಗಲೇ ಸಿಕ್ಕಿಬಿದ್ದವರನ್ನು ದುರ್ಗುಣಿಗಳೆಂದು ದೂರವಿಡುವುದು ಮಾತ್ರ ಅನ್ಯಾಯ. ಅದೊಂದು ಕಾಯಿಲೆ, ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಗಳಲ್ಲಿ ಅದಕ್ಕೆ ಚಿಕಿತ್ಸೆಯಿದೆ.

ಭಯ ಹೆಚ್ಚಾದರೂ ಕೇಡು ತಪ್ಪದು. 1985ರ ಮಾದಕ ವಸ್ತುಗಳ ಕಾನೂನು ಬಂದ ಮೇಲೆ, ಪರವಾನಗಿಗಳ ತೊಡಕಿಗೂ ಶಿಕ್ಷೆಗೂ ಅಂಜಿ ಅನೇಕ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಪ್ರಪಂಚಕ್ಕೆ ಅಫೀಮು ಒದಗಿಸುತ್ತಿದ್ದ ದೇಶದಲ್ಲಿಯೇ ಕ್ಯಾನ್ಸರ್ ರೋಗಿಗಳು ಅದಿಲ್ಲದೆ ನರಳಿದರು. 2014ರ ತಿದ್ದುಪಡಿಯು ಈ ತೊಡಕನ್ನು ಬಹುಮಟ್ಟಿಗೆ ಸಡಿಲಿಸಿತು. ಅದಕ್ಕೂ ಮೊದಲೇ, 1993ರಲ್ಲಿ, ಕೇರಳದ ಕೋಳಿಕ್ಕೋಡಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಅವರ ಸಂಗಡಿಗರು ನೋವುನಿವಾರಣಾ ಕೇಂದ್ರವೊಂದನ್ನು ತೆರೆದಿದ್ದರು. ಅಲ್ಲಿ ರೋಗಿಗಳನ್ನು ಪರೀಕ್ಷಿಸಿ, ಲೆಕ್ಕವಿಟ್ಟು, ಮಾರ್ಫಿನ್ ಗುಳಿಗೆಗಳನ್ನು ಮನೆಗೇ ಕೊಟ್ಟು ಕಳುಹಿಸುತ್ತಿದ್ದರು. ಎರಡು ವರ್ಷಗಳ ಕಾಲ, ಸಾವಿರಕ್ಕೂ ಹೆಚ್ಚು ರೋಗಿಗಳ ವಿಷಯದಲ್ಲಿ ನಡೆದ ಪರಿಶೀಲನೆಯ ಫಲಿತಾಂಶವು 2001ರಲ್ಲಿ ಪ್ರಕಟವಾಯಿತು. ಮದ್ದು ಅನ್ಯರ ಕೈಸೇರಿದ ಅಥವಾ ದುರುಪಯೋಗವಾದ ಒಂದು ಪ್ರಸಂಗವೂ ಅದರಲ್ಲಿ ಕಂಡುಬರಲಿಲ್ಲ.