ಬುಧಿ ಕುಂದರನ್

ಬುಧಿಸಾಗರ್ ಕೃಷ್ಣಪ್ಪ ಕುಂದರನ್ (ಅಕ್ಟೋಬರ್ ೨, ೧೯೩೯ – ಜೂನ್ ೨೩, ೨೦೦೬) ಭಾರತ ಕ್ರಿಕೆಟ್ ತಂಡದ ವಿಕೆಟ್ ಕೀಪರ್ ಹಾಗೂ ಬಿರುಸಿನ ಆಟಕ್ಕೆ ಹೆಸರಾದ ಆರಂಭಿಕ ದಾಂಡಿಗರಾಗಿದ್ದರು. ಇವರ ಹುಟ್ಟೂರು ಮೂಲ್ಕಿ. ಕುಂದಾಪುರ, ಬ್ರಹ್ಮಾವರಗಳನ್ನು ಹಾದು ಮಂಗಳೂರಿಗೆ ಸಾಗುವ ಕರಾವಳಿ ಹೆದ್ದಾರಿಯಲ್ಲಿ, ಉಡುಪಿಯ ದಕ್ಷಿಣಕ್ಕೆ ಈ ಊರಿದೆ. ೧೯೬೦ರಿಂದ ೧೯೬೭ರವರೆಗೆ ೧೮ ಟೆಸ್ಟ್ ಪಂದ್ಯಗಳನ್ನಾಡಿದ ಇವರು ೩೨.೭೦ರ ಸರಾಸರಿಯಲ್ಲಿ ೯೮೧ ರನ್ ಗಳಿಸಿದರು. ೨೩ ಕ್ಯಾಚ್ ಹಿಡಿದು, ೭ ಸ್ಟಂಪಿಂಗ್ ಮಾಡಿದರು. ಆ ಕಾಲದ ವಿಕೆಟ್ ಕೀಪರ್ ಒಬ್ಬರಿಗೆ ಇದು ಉತ್ತಮ ಸರಾಸರಿ. ಆದರೂ ತಂಡದಲ್ಲಿ ಇವರ ಸ್ಥಾನ ಎಂದೂ ಭದ್ರವಾಗಿರಲಿಲ್ಲ.

ಟೆಸ್ಟ್ ಪ್ರವೇಶ

೧೯೬೦ರ ಜನವರಿ ೧ರಂದು ಮುಂಬಯಿಯ ಬ್ರೆಬೋರ್ನ್ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯಾ ವಿರುದ್ಧ ಕಣಕ್ಕಿಳಿದಾಗ ಇವರಿಗೆ ೨೦ ವರ್ಷ. ಅದುವರೆಗೆ ಒಂದೂ ರಣಜಿ ಪಂದ್ಯ ಆಡಿರಲಿಲ್ಲ. ಮದರಾಸಿನ ಮುಂದಿನ ಟೆಸ್ಟ್‌ನಲ್ಲಿ ಭಾರತ ಇನ್ನಿಂಗ್ಸ್ ಸೋಲು ಕಂಡರೂ ಕುಂದರನ್ ೭೧ ಮತ್ತು ೩೩ ರನ್ ಗಳಿಸಿದರು. ಬಳಿಕ ರೈಲ್ವೇಸ್ ಪರವಾಗಿ ಆಡಿದ ಮೊದಲ ರಣಜಿ ಪಂದ್ಯದಲ್ಲಿಯೇ ಜಮ್ಮು ಮತ್ತು ಕಾಶ್ಮೀರದ ವಿರುದ್ಧ ೨೦೫ ರನ್ ಬಾರಿಸಿದರು.

೧೯೬೩-೬೪ರ ಸರಣಿ

ವಿಕೆಟ್ ಹಿಂದಿನ ಜಾಗಕ್ಕೆ ಫಾರೂಕ್ ಎಂಜಿನಿಯರ್ ಇವರ ಮುಖ್ಯ ಪ್ರತಿಸ್ಪರ್ಧಿಯಾಗಿದ್ದರು. ಇಂಗ್ಲೆಂಡ್ ತಂಡ ಭಾರತಕ್ಕೆ ಬಂದಾಗ ಎಂಜಿನಿಯರ್ ಲಭ್ಯರಿರದ ಕಾರಣ ಕುಂದರನ್‌ಗೆ ಅವಕಾಶ ದೊರೆಯಿತು. ೧೯೬೪ರ ಜನವರಿಯಲ್ಲಿ ಮದರಾಸಿನಲ್ಲಿ ನಡೆದ ಮೊದಲ ಟೆಸ್ಟ್‌ನಲ್ಲಿ ೩೧ ಬೌಂಡರಿಗಳೊಂದಿಗೆ ೧೯೨ ರನ್ ಗಳಿಸಿದರು. ಭಾರತೀಯ ವಿಕೆಟ್ ಕೀಪರ್ ಒಬ್ಬರ ಗರಿಷ್ಠ ಟೆಸ್ಟ್ ಮೊತ್ತವಾಗಿ ಇದು ೨೦೧೩ರಲ್ಲಿ ಮಹೇಂದ್ರ ಸಿಂಗ್ ಧೋನಿ ೨೨೪ ರನ್ ಹೊಡೆಯುವವರೆಗೂ ಉಳಿಯಿತು. ಧೋನಿಯ ಆ ಇನ್ನಿಂಗ್ಸ್ ಕೂಡ ಅದೇ ನಗರದಲ್ಲಿ ನಡೆದದ್ದು. ದೆಹಲಿಯಲ್ಲಿ ಮತ್ತೊಂದು ಶತಕ ಬಂತು. ಐದೂ ಪಂದ್ಯಗಳು ಡ್ರಾ ಆದ ಆ ಸರಣಿಯಲ್ಲಿ ಇವರ ಒಟ್ಟು ಗಳಿಕೆ ೫೨೫ ರನ್.

ಇಷ್ಟಾಗಿಯೂ ಅದೇ ವರ್ಷ ಆಸ್ಟ್ರೇಲಿಯಾ ವಿರುದ್ಧದ ಮೂರೂ ಟೆಸ್ಟ್‌ಗಳಲ್ಲಿ ಇಂದ್ರಜಿತ್‌ಸಿಂಗ್‌ಜಿ ವಿಕೆಟ್ ಕೀಪರ್ ಆದರು. ವಿಕೆಟ್ ಹಿಂದಿನ ಕೌಶಲವೇ ಆಯ್ಕೆಯ ಮಾನದಂಡವೆಂದು ವಾದಿಸಬಹುದು. ಆದರೆ ೫೨೫ ರನ್ ಗಳಿಸಿದ ಆರಂಭಿಕ ದಾಂಡಿಗನಿಗೂ ತಂಡದಲ್ಲಿ ಜಾಗ ಸಿಗದಿದ್ದುದನ್ನು ಆ ವಾದ ವಿವರಿಸುವುದಿಲ್ಲ.

ಕೊನೆಯ ಪಂದ್ಯಗಳು

ಕುಂದರನ್ ನಂತರ ಮೈಸೂರು ತಂಡಕ್ಕೂ ಆಡಿದರು. ೧೯೬೬-೬೭ರಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಮುಂಬಯಿಯಲ್ಲಿ ವೇಗವಾಗಿ ೭೯ ರನ್ ಗಳಿಸಿದರೂ ಸರಣಿ ಮುಗಿಯುವ ಮೊದಲೇ ವಿಕೆಟ್ ಹಿಂದಿನ ಹೊಣೆ ಮತ್ತೆ ಎಂಜಿನಿಯರ್ ಪಾಲಾಯಿತು. ೧೯೬೭ರ ಜುಲೈಯಲ್ಲಿ ಎಜ್‌ಬಾಸ್ಟನ್‌ನಲ್ಲಿ ಆಡಿದ್ದೇ ಕೊನೆಯ ಟೆಸ್ಟ್. ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ನಾಲ್ವರೂ ಒಟ್ಟಿಗೆ ಆಡಿದ ಏಕೈಕ ಟೆಸ್ಟ್ ಅದು. ತಂಡದಲ್ಲಿ ವೇಗದ ಬೌಲರ್‌ಗಳೇ ಇರಲಿಲ್ಲ. ಹಾಗಾಗಿ ಮೈಸೂರಿನ ವಿ. ಸುಬ್ರಹ್ಮಣ್ಯ ಅವರೊಂದಿಗೆ ಹೊಸ ಚೆಂಡು ಹಿಡಿದವರು ಕುಂದರನ್!

ಆಮೇಲೆ ಸ್ಕಾಟ್ಲೆಂಡಿನಲ್ಲಿ ನೆಲೆಸಿ, ಡ್ರಂಪೆಲಿಯರ್ ಕ್ಲಬ್ಬಿನಲ್ಲಿ ವೃತ್ತಿಪರ ಆಟಗಾರರಾದರು. ೧೯೮೦ರ ದಶಕದ ಆರಂಭದಲ್ಲಿ ಬೆನ್ಸನ್ ಅಂಡ್ ಹೆಜಸ್ ಕಪ್ ಪಂದ್ಯಗಳಲ್ಲಿ ಸ್ಕಾಟ್ಲೆಂಡ್ ತಂಡವನ್ನೂ ಪ್ರತಿನಿಧಿಸಿದರು. ಶ್ವಾಸಕೋಶದ ಕ್ಯಾನ್ಸರ್‌ನಿಂದ ಬಳಲುತ್ತಿದ್ದ ಇವರು ೬೬ನೆಯ ವಯಸ್ಸಿನಲ್ಲಿ ಗ್ಲಾಸ್ಗೋದಲ್ಲಿ ನಿಧನರಾದರು.